ಗೂಬೆ ಕೂತ ಬೆಳ್ಳಿ ನಾಣ್ಯ

ಹೋದ ಸೆಮ್‌ನಲ್ಲಿ ನಮ್ಮ ಹಾಸ್ಟೆಲ್ ಗೆಳೆಯನೊಬ್ಬ ವಸ್ತುಪ್ರದರ್ಶನಕ್ಕೆ ಹೋಗಿ 1,200 ರೂಪಾಯಿ ಕೊಟ್ಟು ಒಂದು ನಾಣ್ಯ ತಗೊಂಡು ಬಂದ. ಒಂದು ಕಡೆ ಶಿರಸ್ತ್ರಾಣ ಹಾಕಿದ ಹೆಣ್ಣಿನ ಮುಖ, ಇನ್ನೊಂದು ಕಡೆ ನಮ್ಮನ್ನೇ ದಿಟ್ಟಿಸಿ ನೋಡುವ ಗೂಬೆ. ಅಂಗಡಿಯವನು "ಗ್ರೀಕರ ಕಾಲದ್ದು, ಅಸಲಿ ಬೆಳ್ಳಿ" ಅಂದಿದ್ದನಂತೆ. ಅವನ ಆ ತಿಂಗಳ ಖರ್ಚಿನ ದುಡ್ಡು ಅಲ್ಲಿಗೆ ಮುಗಿದಿತ್ತು. "ಇಂಟರ್ನಲ್ಸ್ ಹತ್ತಿರ ಇರುವಾಗ ಗೂಬೆ ತಂದು ರೂಮಲ್ಲಿ ಇಟ್ಟಿದ್ದೀಯಲ್ಲೋ" ಅಂತ ನಾವು ರೇಗಿಸಿದ್ವಿ. ಅವನು ಮಾತ್ರ ನಗಲಿಲ್ಲ. "ಇದು ಅಸಲಿ ಹೌದಾ ಅಲ್ವಾ ಅಂತ ಹೇಗೆ ಗೊತ್ತಾಗುತ್ತೆ ಹೇಳ್ರೋ" ಅಂದ.

ಆ ಪ್ರಶ್ನೆ ಹಿಡ್ಕೊಂಡು ನಾವು ನಾಲ್ಕು ಜನ ಓದೋಕೆ ಕೂತ್ವಿ. ಓದಿದ್ದನ್ನು ಇಲ್ಲಿ ಬರೆದಿದ್ದೇವೆ. ನಾವೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ನಾಣ್ಯ ಅಚ್ಚು ಹಾಕುವ ಜಾಗಕ್ಕೆ ಕನ್ನಡದಲ್ಲಿ ಟಂಕಸಾಲೆ ಅಂತಾರೆ ಅನ್ನೋದೇ ಈಗ ಗೊತ್ತಾಗಿದ್ದು. ಭಾಷೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೊದಲು ಗೂಬೆ ವಿಷಯ. ನಮ್ಮಲ್ಲಿ ಯಾರ ತಲೆ ಮೇಲಾದರೂ ತಪ್ಪು ಹೊರಿಸಿದರೆ "ಗೂಬೆ ಕೂರಿಸಿದ" ಅಂತೀವಿ. ಪ್ರಾಚೀನ ಅಥೆನ್ಸ್ ನಗರದಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಗೂಬೆ ನಗರದ ದೇವತೆ ಅಥೀನಾಳ ಹಕ್ಕಿ. ಆ ನಗರ ಕ್ರಿ.ಪೂ. 6ನೇ ಶತಮಾನದ ಕೊನೆಯ ಹೊತ್ತಿಗೆ ತನ್ನ ಬೆಳ್ಳಿ ನಾಣ್ಯದ ಒಂದು ಮುಖಕ್ಕೆ ಅಥೀನಾಳನ್ನೂ ಇನ್ನೊಂದಕ್ಕೆ ಗೂಬೆಯನ್ನೂ ತಂದಿತು. ಪಕ್ಕದಲ್ಲಿ ಒಂದು ಆಲಿವ್ ಚಿಗುರು, ಆಲ್ಫಾ, ಥೀಟಾ, ಎಪ್ಸಿಲಾನ್ ಎಂಬ ಮೂರು ಅಕ್ಷರ. ಓದಿದರೆ "ಅಥೆ", ಅಂದರೆ ಅಥೆನ್ಸಿನವರದ್ದು. ಪರ್ಷಿಯನ್ನರನ್ನು ಸೋಲಿಸಿದ ಮೇಲೆ ಅಥೀನಾಳ ಶಿರಸ್ತ್ರಾಣಕ್ಕೆ ಆಲಿವ್ ಎಲೆಗಳು, ಗೂಬೆಯ ಹಿಂದೆ ಸಣ್ಣ ಅರ್ಧಚಂದ್ರ ಸೇರಿಕೊಂಡವು. ಜನ ಆ ನಾಣ್ಯವನ್ನೇ "ಗೂಬೆ" ಅಂತ ಕರೀತಿದ್ದರು. ಈಗಲೂ ಗ್ರೀಸ್ ದೇಶದ 1 ಯೂರೊ ನಾಣ್ಯ ಸಿಕ್ಕರೆ ತಿರುಗಿಸಿ ನೋಡಿ, ಅದೇ ಗೂಬೆ ಕೂತಿರುತ್ತೆ.

ಲೆಕ್ಕ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. 6 ಒಬೋಲ್ ಸೇರಿದರೆ 1 ದ್ರಾಕ್ಮಾ. 1 ದ್ರಾಕ್ಮಾ ತೂಕ ಸುಮಾರು 4.3 ಗ್ರಾಂ ಬೆಳ್ಳಿ. 100 ದ್ರಾಕ್ಮಾಗೆ 1 ಮಿನಾ, 60 ಮಿನಾಗೆ 1 ಟ್ಯಾಲೆಂಟ್. ಅಂದರೆ ಟ್ಯಾಲೆಂಟ್ ಅನ್ನೋದು 6,000 ದ್ರಾಕ್ಮಾ, ಹತ್ತಿರ ಹತ್ತಿರ 26 ಕಿಲೊ ಬೆಳ್ಳಿ. ನಾವು ಹೇಳ್ತಿರೋ ಪ್ರಸಿದ್ಧ ಗೂಬೆ ನಾಣ್ಯ 4 ದ್ರಾಕ್ಮಾದ್ದು, 17.2 ಗ್ರಾಂ. ಒಬೋಲ್ ಅಂದರೆ ಮೂಲದಲ್ಲಿ ಮಾಂಸ ಸುಡುವ ಕಬ್ಬಿಣದ ಸಲಾಕೆ, ದ್ರಾಕ್ಮಾ ಅಂದರೆ ಒಂದು ಹಿಡಿಯಲ್ಲಿ ಹಿಡಿಸುವಷ್ಟು ಸಲಾಕೆ ಅಂತೆ. ಈ ದ್ರಾಕ್ಮಾ ಶಬ್ದ ಪೂರ್ವಕ್ಕೆ ನಡೀತಾ ನಡೀತಾ ಸಂಸ್ಕೃತದಲ್ಲಿ ದ್ರಮ್ಮ ಆಯ್ತು, ಹಿಂದಿಯಲ್ಲಿ ದಾಮ್ ಆಯ್ತು. ನಮ್ಮ ಶಾಸನಗಳಲ್ಲೂ ಗದ್ಯಾಣ, ಪಣಗಳ ಜೊತೆ ದ್ರಮ್ಮ ಬರುತ್ತೆ. ಶಬ್ದ ಬಂದಷ್ಟು ದೂರ ಅಲ್ಲದಿದ್ದರೂ ನಾಣ್ಯವೂ ಪೂರ್ವಕ್ಕೆ ಬಂದಿದೆ. 1933ರಲ್ಲಿ ಕಾಬೂಲಿನ ಚಮನ್-ಇ-ಹಜೂರಿ ಎಂಬಲ್ಲಿ ಸಿಕ್ಕ ನಿಧಿಯಲ್ಲಿ ಅಥೆನ್ಸಿನ ಗೂಬೆಗಳೂ, ಆ ಭಾಗದ ಬಾಗಿದ ಬೆಳ್ಳಿ ಪಟ್ಟಿ ನಾಣ್ಯಗಳೂ ಒಟ್ಟಿಗೆ ಇದ್ದವು.

ಬೆಲೆ ಅಂದಾಜಿಗೆ ಹೇಳೋದಾದರೆ, ಕ್ರಿ.ಪೂ. 5ನೇ ಶತಮಾನದ ಕೊನೆಯಲ್ಲಿ ಕಸುಬು ಬಲ್ಲ ಕೆಲಸಗಾರನ ಒಂದು ದಿನದ ಕೂಲಿ 1 ದ್ರಾಕ್ಮಾ. ಅಥೆನ್ಸಿನ ಯುದ್ಧ ಹಡಗು ಟ್ರೈರೀಮ್‌ನಲ್ಲಿ 200 ಜನ. ದಿನಕ್ಕೆ ತಲೆಗೆ 1 ದ್ರಾಕ್ಮಾ ಕೊಟ್ಟರೆ 30 ದಿನಕ್ಕೆ 6,000, ಸರಿಯಾಗಿ 1 ಟ್ಯಾಲೆಂಟ್! ಒಂದು ಹಡಗು, ಒಂದು ತಿಂಗಳು, ಒಂದು ಟ್ಯಾಲೆಂಟ್. ಇದು ನಮ್ಮ ಲೆಕ್ಕ ಮಾತ್ರ ಅಲ್ಲ, ಕ್ರಿ.ಪೂ. 415ರಲ್ಲಿ ಸಿಸಿಲಿಯ ಒಂದು ಊರಿನವರು 60 ಹಡಗಿನ ಒಂದು ತಿಂಗಳ ಸಂಬಳ ಅಂತ 60 ಟ್ಯಾಲೆಂಟ್ ಬೆಳ್ಳಿ ತಂದುಕೊಟ್ಟರು ಅಂತ ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ.

ಬೆಳ್ಳಿ ಬಂದಿದ್ದು ಎಲ್ಲಿಂದ

ಅಥೆನ್ಸಿನ ಆಗ್ನೇಯಕ್ಕೆ ಲಾರಿಯಾನ್ ಅಂತ ಗುಡ್ಡಗಾಡು ಜಾಗ. ಅಲ್ಲಿ ಸಿಗೋದು ಬೆಳ್ಳಿ ಅಲ್ಲ, ಗೆಲೀನಾ, ಅಂದರೆ ಸೀಸದ ಸಲ್ಫೈಡ್ ಅದಿರು. ಅದರೊಳಗೆ ಬೆಳ್ಳಿ ಅಡಗಿಕೊಂಡಿರುತ್ತೆ, ಒಂದು ಟನ್ ಸೀಸ ಕರಗಿಸಿದರೆ ಕೆಲವೇ ಕಿಲೊ. ಕ್ರಿ.ಪೂ. 483ರ ಸುಮಾರಿಗೆ ಅಲ್ಲಿ ಹೊಸ ಸಮೃದ್ಧ ಪದರ ಸಿಕ್ಕಿತು. ಬಂದ ದುಡ್ಡನ್ನು ಪ್ರಜೆಗಳಿಗೆ ತಲಾ 10 ದ್ರಾಕ್ಮಾ ಹಂಚೋಣ ಅಂತ ಮಾತಾಯಿತು. ಥೆಮಿಸ್ಟೊಕ್ಲೀಸ್ ಎಂಬ ನಾಯಕ ಬೇಡ, ಹಡಗು ಕಟ್ಟೋಣ ಅಂದ. ಪರ್ಷಿಯಾ ದೂರ ಇತ್ತು, ಜನಕ್ಕೆ ಅದರ ಭಯ ಅಷ್ಟಿರಲಿಲ್ಲ, ಆದ್ದರಿಂದ ಪಕ್ಕದ ದ್ವೀಪ ಏಜೀನಾ ಜೊತೆಗಿನ ಜಗಳದ ನೆಪ ಹೇಳಿದ. 10 ದ್ರಾಕ್ಮಾ ಅಂದರೆ ಎರಡೂವರೆ ಗೂಬೆ. ಕೈಗೆ ಬರೋ ದುಡ್ಡು ಬೇಡ ಅಂತ ಜನ ಒಪ್ಪಿದ್ದೇ ನಮಗೆ ದೊಡ್ಡ ಆಶ್ಚರ್ಯ. ಹೆರೊಡೊಟಸ್ ಪ್ರಕಾರ 200 ಹಡಗು. ಮೂರು ವರ್ಷದ ನಂತರ, ಕ್ರಿ.ಪೂ. 480ರಲ್ಲಿ, ಸಾಲಮಿಸ್ ಜಲಸಂಧಿಯಲ್ಲಿ ಪರ್ಷಿಯನ್ನರ ನೌಕಾಪಡೆ ಸೋತಿದ್ದು ಈ ಹಡಗುಗಳಿಂದ.

ಈಗ ಪ್ರೊಸೆಸ್ ನೋಡಿ, ಇದು ನಮಗೆ ತುಂಬಾ ಇಷ್ಟವಾದ ಭಾಗ. ಅದಿರನ್ನು ಕುಟ್ಟಿ, ಬೀಸಿ ಪುಡಿ ಮಾಡ್ತಾರೆ. ಆಮೇಲೆ ತೊಳೆಯೋ ಕಟ್ಟೆ. ಒಂದು ತೊಟ್ಟಿಯಲ್ಲಿ ನೀರು, ತೊಟ್ಟಿಯ ಗೋಡೆಗೆ ಸಾಲಾಗಿ ತೂತು, ಮುಂದೆ ಇಳಿಜಾರು ಕಟ್ಟೆ. ನೀರು ಹರಿದಾಗ ಹಗುರ ಕಲ್ಲಿನ ಪುಡಿ ಮುಂದೆ ಹೋಗುತ್ತೆ, ಭಾರದ ಗೆಲೀನಾ ಹಿಂದೆ ಉಳಿಯುತ್ತೆ. ಗೆಲೀನಾ ಸಾಂದ್ರತೆ 7.5, ಸುಣ್ಣದ ಕಲ್ಲಿನದ್ದು 2.7. ಫ್ಲೂಯಿಡ್ ಮೆಕ್ಯಾನಿಕ್ಸ್ ಪೇಪರಿನಲ್ಲಿ ಕೇಳಬಹುದಾದ ಪ್ರಶ್ನೆ. ಲಾರಿಯಾನ್ ಒಣ ಪ್ರದೇಶ, ಅಲ್ಲಿ ನದಿ ಇಲ್ಲ. ಹಾಗಾಗಿ ಮಳೆನೀರನ್ನು ದೊಡ್ಡ ತೊಟ್ಟಿಗಳಲ್ಲಿ ಹಿಡಿದಿಟ್ಟು, ತೊಳೆದ ನೀರನ್ನು ಕಾಲುವೆಯಲ್ಲಿ ಸುತ್ತಿಸಿ, ಕೆಸರು ಕೆಳಗೆ ಕೂತ ಮೇಲೆ ಮತ್ತೆ ಅದನ್ನೇ ಬಳಸ್ತಿದ್ದರು. ತೊಟ್ಟಿಗೆ ಬಳಿದ ನೀರು ಜಿನುಗದ ಗಾರೆ ಕೆಲವು ಕಡೆ ಇನ್ನೂ ಇದೆ. 

ತೊಳೆದ ಅದಿರನ್ನು ಕುಲುಮೆಗೆ ಹಾಕಿದರೆ ಬೆಳ್ಳಿ ಬೆರೆತ ಸೀಸ ಸಿಗುತ್ತೆ. ಬೇರೆ ಮಾಡೋದು ಹೇಗೆ? ಎರಡೂ ಕರಗಿ ಒಂದಾಗಿವೆ. ಕನ್ನಡದಲ್ಲಿ "ಪುಟಕ್ಕಿಟ್ಟ ಚಿನ್ನ" ಅಂತೀವಲ್ಲ, ಅದೇ ಕೆಲಸ. ಸೀಸವನ್ನು ಕರಗಿಸಿ 900 ಡಿಗ್ರಿಯ ಆಸುಪಾಸು ಇಟ್ಟು ತಿದಿಯಿಂದ ಗಾಳಿ ಊದುತ್ತಾ ಹೋದರೆ ಸೀಸ ಆಮ್ಲಜನಕದ ಜೊತೆ ಸೇರಿ ಆಕ್ಸೈಡ್ ಆಗುತ್ತೆ. ಬೆಳ್ಳಿ ಸೇರೋದಿಲ್ಲ. ಕರಗಿದ ಆಕ್ಸೈಡನ್ನು ಮೇಲಿಂದ ತೆಗೀತಾ ಹೋದರೆ ಕೊನೆಗೆ ತಳದಲ್ಲಿ ಹೊಳೆಯೋ ಒಂದು ಬೆಳ್ಳಿ ಗುಂಡು ಉಳಿಯುತ್ತೆ. ಅಥೆನ್ಸಿನ ಗೂಬೆಗಳಲ್ಲಿ ಬೆಳ್ಳಿ ಸಾಮಾನ್ಯವಾಗಿ ಶೇ. 95ಕ್ಕಿಂತ ಜಾಸ್ತಿ, ಕೆಮಿಸ್ಟ್ರಿ ಪುಸ್ತಕ ಇಲ್ಲದ ಕಾಲದಲ್ಲಿ. ಈ ಹೊಗೆ ಎಲ್ಲಿಗೆ ಹೋಯಿತು ಅನ್ನೋದಕ್ಕೂ ಉತ್ತರ ಇದೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗ್ರೀನ್‌ಲ್ಯಾಂಡಿನ ಮಂಜುಗಡ್ಡೆ ಕೊರೆದು ನೋಡಿದಾಗ ಗ್ರೀಕ್–ರೋಮನ್ ಕಾಲದ ಪದರಗಳಲ್ಲಿ ಸೀಸ ಹೆಚ್ಚಾಗಿ ಸಿಕ್ಕಿತು.

ಇಲ್ಲಿ ನಮ್ಮೊಳಗೆ ಸಣ್ಣ ಜಗಳ ಆಯಿತು. ಗಣಿಗೆ ಇಳಿದವರ ವಿಷಯ ಬರೆಯೋದಾ ಬೇಡವಾ? "ಟೆಕ್ನಿಕಲ್ ಲೇಖನ, ಅದು ಯಾಕೆ" ಅಂತ ಒಬ್ಬರು. ಆದರೆ ಲೆಕ್ಕ ಮಾಡಿ ನೋಡಿದ ಮೇಲೆ ಬಿಡೋಕೆ ಯಾರಿಗೂ ಮನಸ್ಸು ಬರಲಿಲ್ಲ.

ಗಣಿಯಲ್ಲಿ ಕೆಲಸ ಮಾಡಿದವರಲ್ಲಿ ಬಹುತೇಕ ಎಲ್ಲರೂ ಗುಲಾಮರು. ಕೆಲವು ಬಾವಿಗಳು 100 ಮೀಟರಿಗಿಂತ ಆಳ. ಒಳಗಿನ ಸುರಂಗ ಎಷ್ಟೋ ಕಡೆ ಒಂದು ಮೀಟರ್ ಎತ್ತರವೂ ಇಲ್ಲ. ಎಣ್ಣೆ ದೀಪದ ಬೆಳಕು, ಉಳಿ, ಸುತ್ತಿಗೆ, ಮಲಗಿಕೊಂಡೋ ಮಂಡಿಯೂರಿಕೊಂಡೋ ಕಡಿಯಬೇಕು. ನಿಸಿಯಾಸ್ ಎಂಬ ಅಥೆನ್ಸಿನ ಶ್ರೀಮಂತ ಸೇನಾಪತಿ ತನ್ನ 1,000 ಗುಲಾಮರನ್ನು ಸೋಸಿಯಾಸ್ ಎಂಬ ಗಣಿ ಗುತ್ತಿಗೆದಾರನಿಗೆ ಬಾಡಿಗೆಗೆ ಕೊಟ್ಟಿದ್ದ ಅಂತ ಕ್ಸೆನೊಫನ್ ಬರೀತಾನೆ. ಬಾಡಿಗೆ ತಲೆಗೆ ದಿನಕ್ಕೆ 1 ಒಬೋಲ್. ಷರತ್ತು ಇನ್ನೊಂದಿತ್ತು, ಸಂಖ್ಯೆ ಯಾವಾಗಲೂ 1,000 ಇರಬೇಕು. ಯಾರಾದರೂ ಸತ್ತರೆ ಇನ್ನೊಬ್ಬನನ್ನು ತಂದು ತುಂಬಿಸೋದು ಬಾಡಿಗೆ ಪಡೆದವನ ಜವಾಬ್ದಾರಿ. ಬಾಡಿಗೆ ಬೈಕಿಗೆ ಹಾಕೋ ಷರತ್ತಿನ ಹಾಗೆ. ವರ್ಷಕ್ಕೆ 360 ದಿನ ಅಂದುಕೊಂಡರೆ ನಿಸಿಯಾಸನಿಗೆ ಕೂತಲ್ಲೇ 60,000 ದ್ರಾಕ್ಮಾ, 10 ಟ್ಯಾಲೆಂಟ್. ಉಲ್ಟಾ ಲೆಕ್ಕ ಹಾಕಿ. ಒಂದು 4 ದ್ರಾಕ್ಮಾದ ಗೂಬೆಯಲ್ಲಿ 24 ಒಬೋಲ್. ಆ ಒಂದು ನಾಣ್ಯ ಕೊಟ್ಟರೆ 24 ಮನುಷ್ಯರು ಒಂದು ದಿನ ಆ ಕತ್ತಲೆ ತೂತಿನೊಳಗೆ.

ಕ್ರಿ.ಪೂ. 413ರಲ್ಲಿ ಸ್ಪಾರ್ಟಾದವರು ಅಥೆನ್ಸಿನ ಹತ್ತಿರವೇ ಡೆಕೆಲಿಯಾ ಎಂಬಲ್ಲಿ ಕೋಟೆ ಹಿಡಿದು ಕೂತರು. ಆಗ 20,000ಕ್ಕಿಂತ ಹೆಚ್ಚು ಗುಲಾಮರು ಓಡಿಹೋದರು ಅಂತ ಥುಸಿಡಿಡೀಸ್ ಹೇಳ್ತಾನೆ. ಬೆಳ್ಳಿ ಬರೋದು ನಿಂತಿತು.

ಅಚ್ಚು, ಸುತ್ತಿಗೆ, ಏಟು

ನಾಣ್ಯ ಮಾಡೋ ರೀತಿ ನಮ್ಮ ಫಸ್ಟ್ ಇಯರ್ ವರ್ಕ್‌ಶಾಪಿನ ಸ್ಮಿತಿ ಕ್ಲಾಸನ್ನೇ ನೆನಪಿಗೆ ತರುತ್ತೆ. ಅಥೀನಾ ಮುಖದ ಅಚ್ಚನ್ನು ಆನ್‌ವಿಲ್‌ನಲ್ಲಿ ಕೂರಿಸಿರ್ತಾರೆ. ಅದರ ಮೇಲೆ ತೂಕ ಸರಿ ಮಾಡಿದ ಬೆಳ್ಳಿ ಬಿಲ್ಲೆ. ಗೂಬೆಯ ಅಚ್ಚು ಒಂದು ಪಂಚಿನ ತುದಿಯಲ್ಲಿ. ಪಂಚನ್ನು ಬಿಲ್ಲೆ ಮೇಲೆ ಹಿಡಿದು ಸುತ್ತಿಗೆಯಿಂದ ಒಂದು ಏಟು, ಎರಡೂ ಕಡೆ ಒಟ್ಟಿಗೆ ಮೂಡುತ್ತೆ. ಗೂಬೆಯ ಸುತ್ತ ಚೌಕಾಕಾರದ ತಗ್ಗು ಕಾಣೋದು ಆ ಪಂಚಿನ ಗುರುತು. ಏಟು ನೇರ ಬೀಳೋದು ಗೂಬೆ ಅಚ್ಚಿಗೆ, ಆದ್ದರಿಂದ ಅದು ಬೇಗ ಒಡೆಯುತ್ತೆ, ಕೆಳಗಿನ ಅಥೀನಾ ಅಚ್ಚು ಜಾಸ್ತಿ ಬಾಳುತ್ತೆ. ಕೈಕೆಲಸ ಆಗಿದ್ದರಿಂದ ಚಿತ್ರ ನಡುಮಧ್ಯೆ ಬೀಳೋದು ಅಪರೂಪ. ಎಷ್ಟೋ ನಾಣ್ಯಗಳಲ್ಲಿ ಶಿರಸ್ತ್ರಾಣದ ಜುಟ್ಟು ಬಿಲ್ಲೆಯಿಂದ ಹೊರಗೇ ಹೋಗಿದೆ.

ಚಿತ್ರ ಮಾತ್ರ ಹಳೇ ಶೈಲಿಯಲ್ಲೇ ಉಳಿಯಿತು. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಎದುರಿನಿಂದ ನೋಡಿದ ಹಾಗೆ ಇರುತ್ತೆ. ಅದೇ ಊರಿನ ಶಿಲ್ಪಿಗಳು ಪಾರ್ಥೆನಾನ್ ಕಟ್ಟುವ ಹೊತ್ತಿಗೆ ಕಲ್ಲಿನಲ್ಲಿ ಜೀವ ತರ್ತಿದ್ದರು, ನಾಣ್ಯದ ಅಥೀನಾ ಮಾತ್ರ ಹಳೇ ಕಣ್ಣಿನಲ್ಲೇ ನೋಡ್ತಿದ್ದಳು. ಬರದೆ ಹೋಗಿದ್ದಲ್ಲ, ಬೇಡ ಅಂತ ಬಿಟ್ಟಿದ್ದು ಅಂತ ನಮಗನಿಸುತ್ತೆ. ಈಜಿಪ್ಟಿನ ವ್ಯಾಪಾರಿ ನಾಣ್ಯ ನೋಡಿದ ತಕ್ಷಣ ಗುರುತು ಹಿಡೀಬೇಕು. ಡಿಸೈನ್ ಬದಲಾಯಿಸಿದರೆ ಅವನಿಗೆ ಅನುಮಾನ ಬರುತ್ತೆ. ಬಂದ ಅನುಮಾನಕ್ಕೂ ಪುರಾವೆ ಇದೆ: ಪೂರ್ವದ ಕಡೆ ಸಿಕ್ಕ ಅನೇಕ ಗೂಬೆಗಳ ಮೈಮೇಲೆ ಉಳಿಯಿಂದ ಕಡಿದ ಗಾಯ. ಒಳಗೂ ಬೆಳ್ಳಿಯೇನಾ ಅಂತ ನೋಡಿದ್ದು.

ಅಚ್ಚುಗಳ ವಿಷಯದಲ್ಲಿ ನಮ್ಮ ಸಿಎಸ್ ಗೆಳೆಯರಿಗೆ ಒಂದು ಖುಷಿ ಸುದ್ದಿ. ಒಂದೇ ಅಚ್ಚಿನಿಂದ ಬಂದ ನಾಣ್ಯಗಳನ್ನು ಬಿರುಕು, ಗೆರೆ ನೋಡಿ ಗುರುತಿಸಬಹುದು. ಆದರೆ ಸಿಕ್ಕಿರೋ ನಾಣ್ಯ ಸ್ವಲ್ಪ, ಒಟ್ಟು ಎಷ್ಟು ಅಚ್ಚು ಇದ್ದವು ಅಂತ ಅಂದಾಜು ಮಾಡೋದು ಹೇಗೆ? ನಾಣ್ಯಶಾಸ್ತ್ರದವರು ಬಳಸೋ ಒಂದು ಸೂತ್ರ ಗಣಿತಜ್ಞ ಐ. ಜೆ. ಗುಡ್ 1953ರಲ್ಲಿ ಪ್ರಕಟಿಸಿದ್ದು, ಮೂಲ ಯೋಚನೆ ಅಲನ್ ಟ್ಯೂರಿಂಗ್‌ನದು. ನಿಮ್ಮ ಹತ್ತಿರ 100 ನಾಣ್ಯ ಇವೆ ಅಂದುಕೊಳ್ಳಿ. ಅದರಲ್ಲಿ 20 ಅಚ್ಚುಗಳು ಒಂದೇ ಒಂದು ಸಲ ಕಾಣಿಸಿಕೊಂಡಿವೆ. ಆಗ 1ರಿಂದ 20/100 ಕಳೆಯಿರಿ, 0.8. ಅಂದರೆ ಮುಂದೆ ಇನ್ನೊಂದು ನಾಣ್ಯ ಸಿಕ್ಕರೆ ಅದು ನೀವು ಈಗಾಗಲೇ ನೋಡಿದ ಅಚ್ಚಿನದೇ ಆಗಿರೋ ಸಾಧ್ಯತೆ ಸುಮಾರು ಶೇ. 80. ಒಂದೇ ಸಲ ಕಂಡವು ಜಾಸ್ತಿ ಇದ್ದಷ್ಟೂ ನಾವು ನೋಡದೇ ಇರೋದು ಜಾಸ್ತಿ ಇದೆ ಅಂತ ಅರ್ಥ. ಇದೇ ಗುಡ್–ಟ್ಯೂರಿಂಗ್ ವಿಧಾನವನ್ನು ಭಾಷಾ ಮಾಡೆಲ್‌ಗಳಲ್ಲಿ, ಹಿಂದೆ ಕಾಣದ ಪದ ಬಂದರೆ ಏನು ಮಾಡೋದು ಅನ್ನೋದಕ್ಕೂ ಬಳಸಿದ್ದಾರೆ.

ಕದ್ದ ಗೂಬೆ, ಕಂಚಿನ ಗೂಬೆ

ಪ್ಲುಟಾರ್ಕ್ ಹೇಳೋ ಕತೆ ಒಂದಿದೆ, ಬಿಡೋಕೆ ಆಗಲ್ಲ. ಯುದ್ಧದ ಕೊನೆಯಲ್ಲಿ ಸ್ಪಾರ್ಟಾದ ಗಿಲಿಪ್ಪಸ್ ಬೆಳ್ಳಿ ಚೀಲಗಳನ್ನು ಊರಿಗೆ ಸಾಗಿಸೋ ಜವಾಬ್ದಾರಿ ಹೊತ್ತಿದ್ದ. ದಾರಿಯಲ್ಲಿ ಚೀಲದ ತಳದ ಹೊಲಿಗೆ ಬಿಚ್ಚಿ ನಾಣ್ಯ ಕದ್ದು, ಮತ್ತೆ ಹೊಲಿದು, ಕದ್ದಿದ್ದನ್ನು ಮನೆಯ ಹೆಂಚಿನ ಕೆಳಗೆ ಬಚ್ಚಿಟ್ಟ. ಒಳಗೆ ಎಷ್ಟಿದೆ ಅಂತ ಬರೆದ ಚೀಟಿ ಪ್ರತಿ ಚೀಲದಲ್ಲೂ ಇದ್ದಿದ್ದು ಪಾಪ ಅವನಿಗೆ ಗೊತ್ತಿರಲಿಲ್ಲ. ಲೆಕ್ಕ ತಪ್ಪಿತು. ಕೊನೆಗೆ ಅವನ ಆಳೇ, ನಮ್ಮ ಯಜಮಾನರ ಹೆಂಚಿನ ಕೆಳಗೆ ಬಹಳ ಗೂಬೆಗಳು ಮಲಗಿವೆ ಅನ್ನೋ ಅರ್ಥದಲ್ಲಿ ಒಗಟು ಹೇಳಿ ಹಿಡಿದುಕೊಟ್ಟ.

ಅಥೆನ್ಸಿನ ಕಡೆ ಮಾತ್ರ ಆಗ ಗೂಬೆಗಳಿಗೆ ಬರ. ಗಣಿ ನಿಂತಿದೆ, ಹಡಗಿಗೆ ಸಂಬಳ ಕೊಡಬೇಕು. ವಿಜಯದೇವತೆಯ ಬಂಗಾರದ ವಿಗ್ರಹಗಳನ್ನು ಕರಗಿಸಿದರು. ಆಮೇಲೆ ತಾಮ್ರದ ಮೇಲೆ ತೆಳು ಬೆಳ್ಳಿ ಹೊದಿಸಿದ ನಾಣ್ಯಗಳನ್ನು ಸರ್ಕಾರವೇ ಹೊರಡಿಸಿತು. ಕ್ರಿ.ಪೂ. 405ರ "ಕಪ್ಪೆಗಳು" ನಾಟಕದಲ್ಲಿ ಅರಿಸ್ಟೊಫನೀಸ್, ಒಳ್ಳೇ ನಾಣ್ಯ ಬಿಟ್ಟು ಕೆಟ್ಟದ್ದನ್ನು ಬಳಸೋ ಹಾಗೆ ಊರಿನವರು ಒಳ್ಳೇ ಜನರನ್ನು ಬಿಟ್ಟು ಕೆಟ್ಟವರನ್ನು ನಾಯಕರಾಗಿ ಇಟ್ಟುಕೊಂಡಿದ್ದಾರೆ ಅಂತ ಚುಚ್ಚುತ್ತಾನೆ. ಅವನದೇ ಇನ್ನೊಂದು ನಾಟಕದಲ್ಲಿ ಒಬ್ಬ ದ್ರಾಕ್ಷಿ ಮಾರಿ ಬಾಯಿ ತುಂಬಾ ತಾಮ್ರದ ಕಾಸು ತುಂಬಿಕೊಂಡು (ಚಿಲ್ಲರೆಯನ್ನು ಬಾಯಲ್ಲಿ ಇಟ್ಕೊಳ್ಳೋದು ಅಲ್ಲಿ ರೂಢಿ) ಹಿಟ್ಟು ತರೋಕೆ ಹೋಗ್ತಾನೆ. ಚೀಲ ಒಡ್ಡೋ ಹೊತ್ತಿಗೆ ಸರಿಯಾಗಿ ಡಂಗುರದವನು ಕೂಗ್ತಾನೆ: ಇನ್ನು ತಾಮ್ರ ಯಾರೂ ತಗೋಬೇಡಿ, ಬೆಳ್ಳಿ ಮಾತ್ರ. ಇದನ್ನು ಓದಿ ನಮಗೆಲ್ಲ 2016ರ ನವೆಂಬರ್ ರಾತ್ರಿ ನೆನಪಾಯಿತು. ನಾವಾಗ ಚಿಕ್ಕ ಕ್ಲಾಸಿನಲ್ಲಿದ್ವಿ. ಸಾಸಿವೆ ಡಬ್ಬಿ, ಸೀರೆ ಮಡಿಕೆ ಎಲ್ಲದರಿಂದ ಅಮ್ಮಂದಿರ 500ರ ನೋಟುಗಳು ಹೊರಗೆ ಬಂದಿದ್ದವು.

ಮತ್ತೆ ಬೆಳ್ಳಿ ಬಂತು, ಆದರೆ ಅನುಮಾನ ಹೋಗಲಿಲ್ಲ. 1970ರಲ್ಲಿ ಅಥೆನ್ಸಿನ ಹಳೇ ಮಾರುಕಟ್ಟೆ ಅಗೋರಾದ ಉತ್ಖನನದಲ್ಲಿ ಒಂದು ಕಲ್ಲುಶಾಸನ ಸಿಕ್ಕಿತು, ಕ್ರಿ.ಪೂ. 375ರದ್ದು. ನಾಣ್ಯ ಪರೀಕ್ಷೆಯ ಕಾನೂನು. ನಮ್ಮ ಗೆಳೆಯನ ಪ್ರಶ್ನೆಗೆ ಅಥೆನ್ಸಿನ ಉತ್ತರ ಅಂದರೆ ಇದೇ. ಮಾರುಕಟ್ಟೆಯಲ್ಲಿ ಲೇವಾದೇವಿ ಮೇಜುಗಳ ನಡುವೆ ಒಬ್ಬ ಪರೀಕ್ಷಕ ಕೂತಿರಬೇಕು. ನಾಣ್ಯ ಒಳಗೆ ತಾಮ್ರವೋ ಸೀಸವೋ ಆಗಿದ್ದರೆ ಅಲ್ಲೇ ಕಡಿದು ಹಾಕಬೇಕು, ಆ ತುಂಡು ದೇವಮಾತೆಯ ಗುಡಿಗೆ. ಹೊರದೇಶದವರು ಅಥೆನ್ಸಿನ ಮುದ್ರೆ ನಕಲು ಮಾಡಿದ್ದರೂ ಬೆಳ್ಳಿ ಒಳ್ಳೇದಿದ್ದರೆ ತಂದವನಿಗೆ ವಾಪಸ್ ಕೊಡಬೇಕು. ಪರೀಕ್ಷಕ ಸರಿ ಅಂದ ನಾಣ್ಯವನ್ನು ಯಾವ ವ್ಯಾಪಾರಿಯಾದರೂ ಬೇಡ ಅಂದರೆ, ಆ ದಿನ ಅವನು ಮಾರಾಟಕ್ಕಿಟ್ಟ ಮಾಲೆಲ್ಲ ಜಪ್ತಿ. ನಮ್ಮೂರಲ್ಲಿ 10 ರೂಪಾಯಿ ನಾಣ್ಯ ತಗೊಳ್ಳೋಕೆ ಮುಖ ಕಿವುಚುವ ಅಂಗಡಿಗಳಿಗೆ ಈ ಕಲಮು ಓದಿ ಹೇಳಬೇಕು!

ಇಷ್ಟೊಂದು ಅಧಿಕಾರ ಇದ್ದ ಆ ಪರೀಕ್ಷಕ ಯಾರು ಗೊತ್ತಾ? ನಗರದ ಗುಲಾಮ. ಬಂದರಿನ ಊರು ಪಿರೇಯಸ್‌ಗೂ ಇನ್ನೊಬ್ಬ ಬೇಕು, ಇರೋ ಗುಲಾಮರಲ್ಲಿ ಒಬ್ಬನನ್ನು ನೇಮಿಸಿ ಇಲ್ಲವೇ ಹೊಸಬನನ್ನು ಕೊಂಡುಕೊಳ್ಳಿ ಅಂತ ಅದೇ ಶಾಸನದಲ್ಲಿದೆ. ಅವನ ಮಾತು ಮೀರಿದರೆ ಸ್ವತಂತ್ರ ವ್ಯಾಪಾರಿಯ ಮಾಲು ಹೋಗುತ್ತೆ. ಆದರೆ ಅವನು ಕೂರಬೇಕಾದ ಜಾಗದಲ್ಲಿ ಕೂರದಿದ್ದರೆ, ಸರಿಯಾಗಿ ಪರೀಕ್ಷೆ ಮಾಡದಿದ್ದರೆ, 50 ಛಡಿ ಏಟು. ಅಗೆದವನೂ ಗುಲಾಮ, ಅಸಲಿ ಅಂತ ಹೇಳಬೇಕಾದವನೂ ಗುಲಾಮ. ಅವನ ಹೆಸರು ಕಲ್ಲಿನಲ್ಲಿಲ್ಲ. ಕಾನೂನು ಮಂಡಿಸಿದ ನಿಕೊಫನ್‌ನ ಹೆಸರು ಇದೆ.

ನಮ್ಮ ಪರೀಕ್ಷೆ

ನಾವು ನಾಣ್ಯ ಕಡಿಯಲಿಲ್ಲ. ಅಥೆನ್ಸಿನವರಲ್ಲ, ಸಿರಾಕ್ಯೂಸ್ ನಗರದ ಆರ್ಕಿಮಿಡೀಸ್ ನೆರವಿಗೆ ಬಂದ. ನೀವೂ ಮಾಡಬಹುದು, 0.01 ಗ್ರಾಂ ತೋರಿಸೋ ಬ್ಯಾಲೆನ್ಸ್ ಇದ್ದರೆ ಸಾಕು. ಮೊದಲು ನಾಣ್ಯದ ತೂಕ ನೋಡಿ. ಆಮೇಲೆ ನೀರಿರೋ ಬೀಕರನ್ನು ಬ್ಯಾಲೆನ್ಸ್ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ ಪೂರ್ತಿ ಮುಳುಗೋ ಹಾಗೆ ಇಳಿಬಿಡಿ, ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗಬಾರದು, ಗುಳ್ಳೆ ಇರಬಾರದು. ಈಗ ಎಷ್ಟು ಗ್ರಾಂ ತೋರಿಸುತ್ತೋ ಅದು ನಾಣ್ಯ ಸರಿಸಿದ ನೀರಿನ ತೂಕ, ಹಾಗಾಗಿ ಅಷ್ಟೇ ಸಿಸಿ ನಾಣ್ಯದ ಗಾತ್ರ. ತೂಕವನ್ನು ಇದರಿಂದ ಭಾಗಿಸಿ.

17.2 ಗ್ರಾಂ ಅಸಲಿ ಗೂಬೆ ಆಗಿದ್ದರೆ ಬ್ಯಾಲೆನ್ಸ್ 1.64ರ ಹತ್ತಿರ ತೋರಿಸಬೇಕು, ಯಾಕಂದರೆ ಬೆಳ್ಳಿ ಸಾಂದ್ರತೆ 10.49. ಒಳಗೆ ತಾಮ್ರ ಇದ್ದರೆ ಅದೇ ತೂಕಕ್ಕೆ 1.9ರ ಮೇಲೆ ಹೋಗುತ್ತೆ, ನಾಣ್ಯ ದಪ್ಪ ಆಗಲೇಬೇಕು. ಸೀಸ ಇದ್ದರೆ ಉಲ್ಟಾ, ಅದು ಬೆಳ್ಳಿಗಿಂತ ಭಾರ. ಇವೆರಡನ್ನೂ ಜಾಣತನದಿಂದ ಬೆರೆಸಿದರೆ ಸಾಂದ್ರತೆ ಮೋಸ ಹೋಗಬಹುದು ಅಂತ ನಮ್ಮ ಲ್ಯಾಬ್ ಮೇಷ್ಟ್ರು ಎಚ್ಚರಿಸಿದರು. ನಮ್ಮ ಅಂಗಡಿಯವನು ಅಷ್ಟು ಕಷ್ಟ ತಗೊಂಡಿರಲಿಲ್ಲ. ಗೆಳೆಯನ ನಾಣ್ಯ 14.30 ಗ್ರಾಂ. ನೀರಿನಲ್ಲಿ 2.00. ಸಾಂದ್ರತೆ 7.15. ಸತುವಿನದು 7.14. ಮತ್ತೆ ಕಣ್ಣಿಟ್ಟು ನೋಡಿದರೆ ಅಂಚಿನ ಸುತ್ತ ಎರಕದ ಸಣ್ಣ ಗೆರೆ ಕಂಡಿತು, ಚಿತ್ರವೂ ನೀಟಾಗಿ ನಡುಮಧ್ಯೆ ಕೂತಿತ್ತು.

ವಾಪಸ್ ಕೊಡೋಣ ಅಂತ ಹೋದರೆ ಪ್ರದರ್ಶನ ಮುಗಿದು ಮೈದಾನ ಖಾಲಿ. ವರ್ಕ್‌ಶಾಪಿನಲ್ಲಿ ಹ್ಯಾಕ್‌ಸಾ ಇದೆ, ಅಥೆನ್ಸಿನ ಕಾನೂನಿನ ಹಾಗೆ ಕೊಯ್ದುಬಿಡೋಣ ಅಂದ್ವಿ. ಅವನು ಕೊಡಲಿಲ್ಲ. ತೂತು ಮಾಡಿಸಿ ರೂಮ್ ಬೀಗದ ಕೀ ಜೊತೆ ನೇತುಹಾಕಿಕೊಂಡಿದ್ದಾನೆ. ಮೆಸ್ ಬಿಲ್‌ಗೆ ನಮ್ಮಿಂದ ತಗೊಂಡ ಸಾಲ 700 ರೂಪಾಯಿ ಮಾತ್ರ ಇನ್ನೂ ಬಾಕಿ ಇದೆ.